ಬರಿಗಾಲಿನ ಪಾಠಶಾಲೆ: ಕರಾಟೆಗೆ ಹೊಸದಾಗಿ ಸೇರುವವರ ನಡೆ, ಶುಚಿ ಮತ್ತು ಉಡುಪು

ಕರಾಟೆ ಶಾಲೆಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಸಾಮಾನ್ಯವಾಗಿ ಹೊಡೆತವನ್ನಾಗಲಿ ಒದೆತವನ್ನಾಗಲಿ ಹೇಳಿಕೊಡುವುದಿಲ್ಲ. ಚಪ್ಪಲಿಯನ್ನು ಎಲ್ಲಿ ಬಿಡಬೇಕು, ಬಾಗಿಲಲ್ಲಿ ಹೇಗೆ ತಲೆಬಾಗಬೇಕು, ಸಾಲಿನಲ್ಲಿ ಎಲ್ಲಿ ನಿಲ್ಲಬೇಕು, ಬೆಲ್ಟನ್ನು ಹೇಗೆ ಕಟ್ಟಬೇಕು ಎಂಬುದೇ ಅಂದಿನ ಪಾಠ. ಮಕ್ಕಳನ್ನು ಕರೆತಂದ ತಂದೆತಾಯಿಗಳಿಗೆ ಇದು ವಿದ್ಯೆಗೆ ಮುಂಚಿನ ಔಪಚಾರಿಕತೆಯಂತೆ ಕಾಣುವುದು ಸಹಜವಾದರೂ, ಕರಾಟೆಯ ಸ್ವರೂಪವನ್ನು ಗಮನಿಸಿದರೆ ಇದೇ ಆ ವಿದ್ಯೆಯ ಮೊದಲ ಪಾಠವೆಂದು ತಿಳಿಯುತ್ತದೆ. ಈ ವಿದ್ಯೆಯನ್ನು ಒಬ್ಬರೇ ಪೂರ್ತಿ ಕಲಿಯಲಾಗದು. ಹೊಡೆತವನ್ನು ಅಭ್ಯಾಸ ಮಾಡಲು ಎದುರಿಗೊಬ್ಬರು ಬೇಕು, ಆ ಎದುರಿನವರು ತಮ್ಮ ದೇಹವನ್ನು ಕೆಲವು ನಿಮಿಷಗಳ ಮಟ್ಟಿಗೆ ಜೊತೆಗಾರನ ಎಚ್ಚರಕ್ಕೆ ಒಪ್ಪಿಸಿ ನಿಂತಿರುತ್ತಾರೆ. ಕತ್ತರಿಸಿದ ಉಗುರು, ಒಗೆದ ಬಟ್ಟೆ, ಬಾಗಿದ ತಲೆ ಇವೆಲ್ಲವೂ ಆ ನಂಬಿಕೆಗೆ ಕಲಿಯುವವನು ಕೊಡುವ ಉತ್ತರಗಳು.

ಕಾರವಾರದ ಉತ್ತರಕ್ಕೆ ಕಾಳಿ ನದಿಯ ಹಿನ್ನೀರಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಚಾಚಿಕೊಂಡಿರುವ ಮರಳಿನ ಊರು ದೇವಬಾಗ. ದೇವಬಾಗ, ಸದಾಶಿವಗಡ, ಕೋಡಿಬಾಗದಿಂದ ಅಂಕೋಲೆಯವರೆಗಿನ ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ; ಮಳೆಯಿಲ್ಲದ ತಿಂಗಳುಗಳಲ್ಲಿಯೂ ಗಾಳಿಯಲ್ಲಿ ಉಪ್ಪು ಮತ್ತು ತೇವ ತುಂಬಿರುತ್ತವೆ. ಹೀಗಾಗಿ, ಬೇರೆಡೆ ಶಿಸ್ತಿನ ಮಾತಾಗಿ ಉಳಿಯಬಹುದಾದ ಶುಚಿತ್ವದ ನಿಯಮಗಳು ಇಲ್ಲಿ ಆರೋಗ್ಯದ ಅಗತ್ಯಗಳಾಗುತ್ತವೆ.

ದೋಜೊ ಎಂಬ ಸ್ಥಳ

ಕರಾಟೆ ಕಲಿಯುವ ಜಾಗಕ್ಕೆ ಜಪಾನಿ ಭಾಷೆಯಲ್ಲಿ ‘ದೋಜೊ’ ಎಂದು ಹೆಸರು. ‘ಮಾರ್ಗದ ಸ್ಥಳ’ ಎಂಬುದು ಅದರ ಶಬ್ದಾರ್ಥ. ಬುದ್ಧನಿಗೆ ಜ್ಞಾನೋದಯವಾದ ನೆಲವನ್ನು ಸೂಚಿಸುವ ‘ಬೋಧಿಮಂಡ’ ಎಂಬ ಸಂಸ್ಕೃತ ಪದವನ್ನು ಚೀನಾದ ಬೌದ್ಧ ಅನುವಾದಕರು ತಮ್ಮ ಭಾಷೆಗೆ ತಂದಾಗ ಹುಟ್ಟಿದ ಪದವೇ ಜಪಾನಿಗೆ ಹೋಗಿ ದೋಜೊ ಆಯಿತು. ಆದ್ದರಿಂದ ದೋಜೊ ಸಮುದಾಯ ಭವನದ ಸಭಾಂಗಣದಲ್ಲಿರಲಿ, ಶಾಲೆಯ ಜಗಲಿಯಲ್ಲಿರಲಿ, ಅಭ್ಯಾಸ ನಡೆಯುವಷ್ಟು ಹೊತ್ತು ಅದು ಬೇರೆಯೇ ಒಂದು ಸ್ಥಳವೆಂಬ ಭಾವನೆ ಅಲ್ಲಿನ ನಡವಳಿಕೆಗೆ ತಳಹದಿ. ಕನ್ನಡಿಗರಿಗೆ ಈ ಭಾವನೆ ಹೊಸದಲ್ಲ. ಗರಡಿಮನೆಯಲ್ಲಿ ಪೈಲ್ವಾನರು ಪಾದರಕ್ಷೆ ಹೊರಗಿಟ್ಟು, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದಮಾಡಿದ ಮಟ್ಟಿಯನ್ನು ಮುಟ್ಟಿ ನಮಸ್ಕರಿಸಿದ ಮೇಲೆಯೇ ಸಾಮಿಗೆ ಇಳಿಯುತ್ತಾರೆ. ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಹಳಿಯಾಳ ಕುಸ್ತಿಗೆ ಹೆಸರಾದ ಊರು. ಗರಡಿಯ ಈ ನಡೆಯನ್ನು ಬಲ್ಲವರಿಗೆ ದೋಜೊದ ಬಾಗಿಲಲ್ಲಿ ತಲೆಬಾಗುವುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರಾಟೆ ಬೆಳೆದದ್ದು ಹಿಂದಿನ ರ‍್ಯೂಕ್ಯೂ ರಾಜ್ಯವಾದ ಓಕಿನಾವಾ ದ್ವೀಪದಲ್ಲಿ. ಅಲ್ಲಿನ ಶಾಲಾಶಿಕ್ಷಕ ಗಿಚಿನ್ ಫುನಾಕೋಶಿ (1868–1957) 1922ರಲ್ಲಿ ಟೋಕಿಯೋದಲ್ಲಿ ನಡೆದ ದೈಹಿಕ ಶಿಕ್ಷಣ ಪ್ರದರ್ಶನದಲ್ಲಿ ಈ ಕಲೆಯನ್ನು ತೋರಿಸಿದ ನಂತರ ಅದು ಜಪಾನಿನ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಹಿಂದೆ ‘ಚೀನೀ ಕೈ’ ಎಂಬ ಅರ್ಥದ ಅಕ್ಷರಗಳಲ್ಲಿ ಬರೆಯುತ್ತಿದ್ದ ಹೆಸರನ್ನು ಅದೇ ಉಚ್ಚಾರಣೆಯ ‘ಬರಿಗೈ’ ಎಂಬ ಅರ್ಥಕ್ಕೆ ಬದಲಿಸುವುದನ್ನು 1936ರಲ್ಲಿ ಓಕಿನಾವಾದ ನಾಹಾ ನಗರದಲ್ಲಿ ಸೇರಿದ್ದ ಗುರುಗಳ ಸಭೆ ಒಪ್ಪಿತು. ಶೋಟೊಕಾನ್, ಗೋಜು-ರ‍್ಯೂ, ಶಿತೊ-ರ‍್ಯೂ, ವಾಡೊ-ರ‍್ಯೂ ಎಂಬ ನಾಲ್ಕು ಮುಖ್ಯ ಶೈಲಿಗಳಲ್ಲಿ ವರಸೆಗಳು ಬೇರೆಯಾದರೂ ಶಿಷ್ಟಾಚಾರದ ತಿರುಳು ಬಹುಮಟ್ಟಿಗೆ ಒಂದೇ.

ಉಡುಪು ಮತ್ತು ಬೆಲ್ಟ್

ನಮ್ಮಲ್ಲಿ ‘ಕರಾಟೆ ಡ್ರೆಸ್’ ಎಂದು ಕರೆಯುವ ಬಿಳಿಯ ಉಡುಪಿಗೆ ಜಪಾನಿಯಲ್ಲಿ ‘ಗಿ’ ಅಥವಾ ‘ದೋಗಿ’ ಎನ್ನುತ್ತಾರೆ. ಓಕಿನಾವಾದ ಹಳಬರು ತಾವು ತೊಟ್ಟ ಸಾಮಾನ್ಯ ಬಟ್ಟೆಯಲ್ಲಿಯೇ ಅಭ್ಯಾಸ ಮಾಡುತ್ತಿದ್ದರು. ಈಗಿನ ಉಡುಪು 1882ರಲ್ಲಿ ಜೂಡೊ ಶಾಲೆಯನ್ನು ಸ್ಥಾಪಿಸಿದ ಜಿಗೋರೊ ಕಾನೊ (1860–1938) ಅವರ ಪದ್ಧತಿಯಿಂದ ಬಂದದ್ದು. ಬಣ್ಣವೂ ಚಿತ್ತಾರವೂ ಇಲ್ಲದ ಬಿಳಿಯ ಬಟ್ಟೆಯಲ್ಲಿ ಮೀನುಗಾರರ ಮಗನೂ ಅಧಿಕಾರಿಯ ಮಗಳೂ ಒಂದೇ ಸಾಲಿನಲ್ಲಿ ಒಂದೇ ರೀತಿ ಕಾಣುತ್ತಾರೆ; ಮೇಲಾಗಿ ಬಿಳುಪಿನ ಮೇಲೆ ಕೊಳೆಯೂ ರಕ್ತದ ಕಲೆಯೂ ಮರೆಯಾಗುವುದಿಲ್ಲ. ಕರಾವಳಿಯ ಸೆಕೆಗೆ ತೆಳುವಾದ ಹತ್ತಿಯ ಬಟ್ಟೆಯೇ ಹೊಸಬರಿಗೆ ಸೂಕ್ತ. ಹತ್ತಿ ಮೊದಲ ಒಗೆತಗಳಲ್ಲಿ ಕುಗ್ಗುವುದರಿಂದಲೂ ಮಕ್ಕಳು ಬೇಗ ಬೆಳೆಯುವುದರಿಂದಲೂ ತುಸು ದೊಡ್ಡ ಅಳತೆಯನ್ನು ಕೊಳ್ಳುವುದು ಲೇಸು, ಆದರೆ ತೋಳು ಅಂಗೈಯನ್ನು ಮುಚ್ಚುವಷ್ಟು ಅಥವಾ ಪ್ಯಾಂಟು ಹಿಮ್ಮಡಿಗೆ ಸಿಕ್ಕಿಕೊಳ್ಳುವಷ್ಟು ದೊಡ್ಡದಾಗಬಾರದು. ವಿಶ್ವ ಕರಾಟೆ ಒಕ್ಕೂಟದ ಸ್ಪರ್ಧಾ ನಿಯಮಗಳೂ ತೋಳು ಮಣಿಕಟ್ಟನ್ನು ದಾಟಬಾರದು, ಪ್ಯಾಂಟು ಪಾದದ ಗಂಟಿನ ಕೆಳಗಿಳಿಯಬಾರದು, ಎರಡನ್ನೂ ಮಡಚಿ ಮೇಲೇರಿಸಬಾರದು ಎಂದು ಹೇಳುತ್ತವೆ. ಮಡಿಕೆಯಲ್ಲಿ ಜೊತೆಗಾರನ ಬೆರಳು ಸಿಕ್ಕಿ ಉಳುಕುವ ಅಪಾಯವಿರುವುದು ಇದಕ್ಕೆ ಒಂದು ಕಾರಣ.

ಮೇಲಂಗಿಯ ಎಡಭಾಗ ಬಲಭಾಗದ ಮೇಲೆ ಬರಬೇಕು. ಜಪಾನಿನಲ್ಲಿ ಬಲಭಾಗವನ್ನು ಮೇಲೆ ತಂದು ಉಡಿಸುವುದು ಶವಕ್ಕೆ ಮಾತ್ರ. ಹಾಗಾಗಿ ಅದಲುಬದಲಾದ ಅಂಗಿಯನ್ನು ಗುರುಗಳು ಕೂಡಲೇ ತಿದ್ದುತ್ತಾರೆ. ಹುಡುಗಿಯರೂ ಮಹಿಳೆಯರೂ ಒಳಗೆ ಬಿಳಿಯ ಸಾದಾ ಟೀ-ಶರ್ಟ್ ತೊಡುವುದು ರೂಢಿ. ‘ಓಬಿ’ ಎಂಬ ಬೆಲ್ಟಿನ ನಡುಭಾಗವನ್ನು ಹೊಕ್ಕುಳ ಕೆಳಗಿಟ್ಟು, ಸೊಂಟವನ್ನು ಎರಡು ಸುತ್ತು ಸುತ್ತಿ, ಒಂದು ತುದಿಯನ್ನು ಎಲ್ಲ ಸುತ್ತುಗಳ ಒಳಗಿನಿಂದ ಮೇಲೆಳೆದು, ಚಪ್ಪಟೆಯಾದ ಗಂಟು ಹಾಕಿದಾಗ ಎರಡೂ ತುದಿಗಳು ಸಮನಾಗಿ ಇಳಿಬೀಳಬೇಕು. ಬೆಲ್ಟು ಬಿಚ್ಚಿದರೆ ಪಕ್ಕಕ್ಕೆ ತಿರುಗಿ ಸರಿಪಡಿಸಿಕೊಳ್ಳುವುದು ಮರ್ಯಾದೆ. ಬೆಲ್ಟನ್ನು ಎಂದಿಗೂ ಒಗೆಯಬಾರದು, ಬೆವರು ಮತ್ತು ಧೂಳಿನಿಂದಲೇ ಬಿಳಿಯ ಬೆಲ್ಟು ಕಪ್ಪಾಗುತ್ತದೆ ಎಂಬ ಮಾತು ಅನೇಕ ಕಡೆ ಪ್ರಚಲಿತವಾಗಿದೆಯಾದರೂ ಅದಕ್ಕೆ ಇತಿಹಾಸದ ಆಧಾರವಿಲ್ಲ. ಬೆಲ್ಟಿನ ದರ್ಜೆಗಳನ್ನು ಕಾನೊ ಅವರು ಜೂಡೊಗಾಗಿ ರೂಪಿಸಿದರು, ಫುನಾಕೋಶಿ 1924ರಲ್ಲಿ ಅದೇ ಪದ್ಧತಿಯನ್ನು ಕರಾಟೆಗೆ ತಂದರು. ಬೆಲ್ಟು ಬೆವರು ಹೀರಿದ ಬಟ್ಟೆಯೇ ಆದ್ದರಿಂದ ಅದನ್ನೂ ಬೇರೆಯಾಗಿ, ತಣ್ಣೀರಿನಲ್ಲಿ, ಬಣ್ಣ ಬಿಡದಂತೆ ಒಗೆದು ನೆರಳಿನಲ್ಲಿ ಒಣಗಿಸುವುದು ಆರೋಗ್ಯಕರ.

ಬೆವರು, ತೇವ ಮತ್ತು ಚರ್ಮ

ಕರಾಟೆಯಲ್ಲಿ ಬರಿಗಾಲು ಒಂದೇ ನೆಲವನ್ನು ಹಂಚಿಕೊಳ್ಳುತ್ತದೆ, ತೋಳು ತೋಳಿಗೆ ತಾಗುತ್ತದೆ, ಒಬ್ಬರ ಬೆವರು ಇನ್ನೊಬ್ಬರ ಅಂಗಿಗೆ ಹತ್ತುತ್ತದೆ. ಚರ್ಮದ ಶಿಲೀಂಧ್ರಗಳಿಗೆ ಬೇಕಾದ ಬಿಸುಪು, ತೇವ ಮತ್ತು ಉಜ್ಜಾಟ ಮೂರೂ ಇಲ್ಲಿ ಒಟ್ಟಿಗೆ ದೊರೆಯುವುದರಿಂದ, ಹುಳುಕಡ್ಡಿ ಅಥವಾ ಗಜಕರ್ಣವೆಂದು ಕರೆಯುವ ದುಂಡನೆಯ ತುರಿಕೆಯ ಮಚ್ಚೆ ಒಬ್ಬರಲ್ಲಿ ಕಾಣಿಸಿಕೊಂಡರೆ ಇಡೀ ತಂಡಕ್ಕೆ ಹರಡಬಲ್ಲದು. ಮಳೆಗಾಲದಲ್ಲಿ ಕಾಲ್ಬೆರಳುಗಳ ಸಂದಿಯಲ್ಲಿ ಬರುವ ಕೆಸರುಹುಣ್ಣೂ ಇದೇ ಬಗೆಯದು. ಇಂಥ ಮಚ್ಚೆಗೆ ಔಷಧದಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಹಚ್ಚುವುದು ನಮ್ಮ ದೇಶದಲ್ಲಿ ವ್ಯಾಪಕವಾಗಿರುವ ತಪ್ಪು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ರೋಗ ಒಳಗೊಳಗೇ ಹರಡಿ ವಾಸಿಯಾಗುವುದು ಕಷ್ಟವಾಗುತ್ತದೆ. ಚರ್ಮದ ವೈದ್ಯರನ್ನು ಕಂಡು, ಅವರು ಹೇಳಿದಷ್ಟು ದಿನ ಔಷಧ ಮುಗಿಸಿ, ಅಷ್ಟರವರೆಗೆ ಜೋಡಿ ಅಭ್ಯಾಸದಿಂದ ದೂರ ಉಳಿಯುವುದು ಸರಿಯಾದ ದಾರಿ. ಇದನ್ನು ಗುರುಗಳಿಗೆ ತಿಳಿಸುವುದರಲ್ಲಿ ನಾಚಿಕೆ ಪಡಬೇಕಾದದ್ದೇನೂ ಇಲ್ಲ. ಮುಚ್ಚಿಟ್ಟು ಜೊತೆಗಾರನಿಗೆ ಅಂಟಿಸುವುದೇ ಅಗೌರವ.

ಕೈಕಾಲುಗಳನ್ನು ತೊಳೆದು ಒರೆಸಿಕೊಂಡೇ ಅಭ್ಯಾಸದ ನೆಲಕ್ಕೆ ಬರಬೇಕು. ಶೌಚಾಲಯಕ್ಕೆ ಹೋಗುವಾಗ ಚಪ್ಪಲಿ ಮೆಟ್ಟಿ, ಮರಳುವಾಗ ಅದನ್ನು ಹೊರಗೇ ಬಿಟ್ಟು ಬರಬೇಕು. ಕೈ ಮತ್ತು ಕಾಲು ಎರಡರ ಉಗುರುಗಳನ್ನೂ ವಾರಕ್ಕೊಮ್ಮೆಯಾದರೂ ಕತ್ತರಿಸಬೇಕು, ಏಕೆಂದರೆ ಒದೆತದಲ್ಲಿ ಕಾಲಿನ ಉಗುರೂ ಬ್ಲೇಡಿನಂತೆ ಗೀರಬಲ್ಲದು. ಉದ್ದ ಕೂದಲನ್ನು ಪಿನ್ನು ಕ್ಲಿಪ್ಪುಗಳಿಲ್ಲದೆ ಬಟ್ಟೆ ಸುತ್ತಿದ ರಬ್ಬರ್ ಬ್ಯಾಂಡಿನಿಂದ ಕಟ್ಟಬೇಕು. ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ ಬಂದರೆ ಬೆವರಿನೊಡನೆ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತದೆ, ಮುಡಿದ ಅಬ್ಬಲಿಗೆ ದಂಡೆಯ ಎಸಳುಗಳು ಉದುರುತ್ತವೆ, ಎರಡೂ ಜಾರುವುದಕ್ಕೆ ಕಾರಣವಾಗುತ್ತವೆ. ಬಳೆ, ಉಂಗುರ, ಕಾಲುಂಗುರ, ಗೆಜ್ಜೆ, ಸರ, ಕೈಗಡಿಯಾರಗಳನ್ನು ತೆಗೆದಿಡಬೇಕು. ದೇವಸ್ಥಾನದಲ್ಲಿಯೋ ದರ್ಗಾದಲ್ಲಿಯೋ ಕಟ್ಟಿಸಿಕೊಂಡ ದಾರವನ್ನೂ ಕುತ್ತಿಗೆಯ ಶಿಲುಬೆಯನ್ನೂ ತೆಗೆಯಲು ಮನಸ್ಸಿಲ್ಲದವರು ಗುರುಗಳೊಂದಿಗೆ ಮಾತಾಡಿ, ಟೇಪಿನಿಂದ ಮುಚ್ಚುವಂತಹ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬಹುದು. ಹಲ್ಲಿಗೆ ಹಾಕುವ ಗಾರ್ಡು ಪ್ರತಿಯೊಬ್ಬರಿಗೂ ಸ್ವಂತದ್ದಾಗಿರಬೇಕು. ಗಾಯವಾದರೆ ಅಭ್ಯಾಸ ನಿಲ್ಲಿಸಿ, ಗಾಯಕ್ಕೆ ಪಟ್ಟಿ ಕಟ್ಟಿ, ನೆಲದ ಮೇಲಿನ ರಕ್ತವನ್ನು ಕೈಗವಸು ತೊಟ್ಟು ಬ್ಲೀಚಿಂಗ್ ದ್ರಾವಣದಿಂದ ಒರೆಸಿದ ಮೇಲೆಯೇ ಮುಂದುವರಿಯಬೇಕು.

ಉಡುಪನ್ನು ಪ್ರತಿ ತರಗತಿಯ ನಂತರವೂ ಒಗೆಯಬೇಕೆಂಬ ನಿಯಮ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲೆಯ ಮನೆಗಳಿಗೆ ನಿಜವಾದ ಸವಾಲು, ಏಕೆಂದರೆ ದಪ್ಪ ಹತ್ತಿ ದಿನಗಟ್ಟಲೆ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅನುಕೂಲವಿದ್ದವರು ಎರಡು ಜೊತೆ ಇಟ್ಟುಕೊಳ್ಳಬಹುದು. ಒಂದೇ ಜೊತೆಯಿದ್ದರೆ ಮನೆಗೆ ಬಂದ ಕೂಡಲೇ ಅದನ್ನು ಚೀಲದಿಂದ ತೆಗೆದು, ಒಗೆದು, ಚೆನ್ನಾಗಿ ಹಿಂಡಿ, ಒಳಮಗ್ಗುಲನ್ನು ಹೊರಗೆ ಮಾಡಿ ಫ್ಯಾನಿನ ಕೆಳಗೆ ಹರಡಿ, ಕೊನೆಯ ತೇವವನ್ನು ಬಿಸಿ ಇಸ್ತ್ರಿಯಿಂದ ಆರಿಸಬಹುದು; ಆ ಬಿಸಿ ಶಿಲೀಂಧ್ರವನ್ನು ತಗ್ಗಿಸಲೂ ನೆರವಾಗುತ್ತದೆ. ರಕ್ತದ ಕಲೆಯನ್ನು ಮೊದಲು ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಅದನ್ನು ಬಟ್ಟೆಗೆ ಕಚ್ಚಿಸುತ್ತದೆ. ದೇವಬಾಗದಂತಹ ಕಡಲದಂಡೆಯ ಮರಳಿನಲ್ಲಿ ಅಭ್ಯಾಸ ಮಾಡುವವರು ಇನ್ನೊಂದನ್ನು ಗಮನಿಸಬೇಕು: ಸಮುದ್ರದ ನೀರಿನಲ್ಲಿ ನೆನೆದ ಬಟ್ಟೆಯನ್ನು ಹಾಗೆಯೇ ಒಣಹಾಕಿದರೆ ಅದರಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಹೀರುತ್ತಲೇ ಇರುವುದರಿಂದ ಬಟ್ಟೆ ಎಂದಿಗೂ ಪೂರ್ತಿ ಒಣಗುವುದಿಲ್ಲ, ಸಿಹಿನೀರಿನಲ್ಲಿ ಎರಡು ಬಾರಿ ಜಾಲಿಸಿದ ಮೇಲೆಯೇ ಸಾಬೂನು ಹಚ್ಚಬೇಕು. ಮರಳಿಗೆ ಇಳಿಯುವ ಮುನ್ನ ಗಾಜಿನ ಚೂರು, ಒಡೆದ ಚಿಪ್ಪು, ಮೀನಿನ ಗಾಳಗಳನ್ನು ಹೆಕ್ಕಿ ತೆಗೆಯುವುದು ಒಳಾಂಗಣದ ನೆಲ ಗುಡಿಸುವುದಕ್ಕೆ ಸಮಾನವಾದ ಕರ್ತವ್ಯ.

ತಲೆಬಾಗುವುದರ ಅರ್ಥ

ಜಪಾನಿನ ‘ರೇ’ ಎಂಬ ಪದದಲ್ಲಿ ನಮಸ್ಕಾರ, ಮರ್ಯಾದೆ, ಕೃತಜ್ಞತೆ ಮೂರೂ ಅಡಗಿವೆ. ಕರಾಟೆ ರೇಯಿಂದ ಆರಂಭವಾಗಿ ರೇಯಲ್ಲಿ ಮುಗಿಯಬೇಕೆಂಬುದು ಫುನಾಕೋಶಿಯವರ ಬೋಧನೆಯಲ್ಲಿ ಮೊದಲ ಸ್ಥಾನ ಪಡೆದ ವಿಚಾರ. ತರಗತಿಯ ಆರಂಭದಲ್ಲಿ ಬೆಲ್ಟಿನ ದರ್ಜೆಯಂತೆ ಸಾಲಾಗಿ ನಿಂತ ವಿದ್ಯಾರ್ಥಿಗಳು ‘ಸೇಜಾ’ ಎಂಬ ಅಪ್ಪಣೆಗೆ ಮೊದಲು ಎಡಮಂಡಿಯನ್ನೂ ನಂತರ ಬಲಮಂಡಿಯನ್ನೂ ಊರಿ ವಜ್ರಾಸನವನ್ನು ಹೋಲುವ ಭಂಗಿಯಲ್ಲಿ ಕುಳಿತು, ‘ಮೊಕುಸೊ’ ಎಂದಾಗ ಕಣ್ಣು ಮುಚ್ಚಿ ಉಸಿರನ್ನು ಶಾಂತಗೊಳಿಸುತ್ತಾರೆ. ಅನಂತರ ದೋಜೊದ ಮುಂಭಾಗಕ್ಕೆ, ಗುರುವಿಗೆ, ಕೊನೆಗೆ ಪರಸ್ಪರರಿಗೆ ತಲೆಬಾಗುತ್ತಾರೆ. ಮುಂಭಾಗಕ್ಕೆ ಬಾಗುವುದು ಪೂಜೆಯಾಗುತ್ತದೆಯೇ ಎಂಬ ಅಳುಕು ಕೆಲವು ಮನೆಗಳಲ್ಲಿ ಹುಟ್ಟುವುದುಂಟು. ಅದು ಕಲೆಯನ್ನು ಬೆಳೆಸಿದ ಹಿರಿಯರಿಗೂ ಕಲಿಯುವ ಸ್ಥಳಕ್ಕೂ ಸಲ್ಲಿಸುವ ಗೌರವವಾಗಿದ್ದು, ಹಿಂದೂ, ಕ್ರೈಸ್ತ, ಮುಸ್ಲಿಂ ಮಕ್ಕಳು ಒಟ್ಟಿಗೆ ಕಲಿಯುವ ಕಾರವಾರದಂತಹ ಊರಿನಲ್ಲಿ ಗುರುಗಳು ಇದನ್ನು ಮೊದಲ ದಿನವೇ ವಿವರಿಸಿದರೆ ಎಲ್ಲರ ಮನಸ್ಸೂ ಹಗುರಾಗುತ್ತದೆ.

‘ಸೆನ್ಸೈ’ ಎಂದರೆ ಅಕ್ಷರಶಃ ‘ಮೊದಲು ಹುಟ್ಟಿದವರು’, ಅಂದರೆ ದಾರಿಯಲ್ಲಿ ಮುಂದೆ ನಡೆದವರು. ಹಿರಿಯ ವಿದ್ಯಾರ್ಥಿ ‘ಸೆಂಪೈ’. ತಡವಾಗಿ ಬಂದವರು ಸಾಲಿನೊಳಗೆ ನುಗ್ಗದೆ ಅಂಚಿನಲ್ಲಿ ಕುಳಿತು, ಗುರುಗಳ ಅನುಮತಿ ದೊರೆತ ಮೇಲೆ ಸೇರಿಕೊಳ್ಳಬೇಕು. ನೀರು ಕುಡಿಯಲೂ ಹೊರಹೋಗಲೂ ಕೇಳಿಯೇ ಹೋಗಬೇಕು, ಏಕೆಂದರೆ ಹಠಾತ್ತನೆ ಹಿಂದೆ ಸರಿದವರ ಮೇಲೆ ಪಕ್ಕದವರ ಒದೆತ ಬೀಳಬಹುದು. ‘ಯಾಮೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಎತ್ತಿದ ಕೈ ಇದ್ದಲ್ಲೇ ನಿಲ್ಲಬೇಕು. ಜೋಡಿ ಅಭ್ಯಾಸದಲ್ಲಿ ಹೊಡೆತವನ್ನು ತಡೆದು ನಿಲ್ಲಿಸುವ ಹತೋಟಿಯೇ ಕೌಶಲದ ಅಳತೆ. ಜೊತೆಗಾರ ಚಿಕ್ಕವನಾಗಿದ್ದರೆ ಅಥವಾ ಹೊಸಬನಾಗಿದ್ದರೆ ಈ ಹೊಣೆ ಇಮ್ಮಡಿಯಾಗುತ್ತದೆ.

ಈ ಮರ್ಯಾದೆ ಒಮ್ಮುಖವಾದುದಲ್ಲ ಎಂಬುದನ್ನು ತಂದೆತಾಯಿಗಳು ನೆನಪಿಡಬೇಕು. ವಿದ್ಯಾರ್ಥಿ ಬಾಗಿದಾಗ ಗುರುವೂ ಬಾಗುತ್ತಾರೆ. ವಿಧೇಯತೆಯ ಹೆಸರಿನಲ್ಲಿ ಅವಮಾನವನ್ನಾಗಲಿ ಅನುಚಿತ ಸ್ಪರ್ಶವನ್ನಾಗಲಿ ಸಹಿಸಬೇಕೆಂದು ಯಾವ ಶಿಷ್ಟಾಚಾರವೂ ಹೇಳುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ರೂಪುಗೊಂಡು, ಕರಾಟೆ ಹಳ್ಳಿಯ ಶಾಲೆಗಳನ್ನೂ ತಲುಪುತ್ತಿರುವಾಗ ಈ ಎಚ್ಚರ ಇನ್ನಷ್ಟು ಮುಖ್ಯ. ಭಂಗಿ ತಿದ್ದಲು ಮುಟ್ಟುವ ಮೊದಲು ಹೇಳಿ ಮುಟ್ಟುವ, ಪೋಷಕರು ಕುಳಿತು ನೋಡಲು ಅವಕಾಶವಿರುವ, ಬಟ್ಟೆ ಬದಲಿಸಲು ಪ್ರತ್ಯೇಕ ಜಾಗವಿರುವ ಶಾಲೆಯನ್ನೇ ಆರಿಸಬೇಕು. 18 ವರ್ಷದೊಳಗಿನವರನ್ನು ಲೈಂಗಿಕ ದೌರ್ಜನ್ಯದಿಂದ ಕಾಯಲು 2012ರ ಪೋಕ್ಸೊ ಕಾಯ್ದೆಯೂ ದೂರಿಗೆ 1098 ಮಕ್ಕಳ ಸಹಾಯವಾಣಿಯೂ ಇವೆ ಎಂಬುದು ಮಕ್ಕಳಿಗೂ ತಿಳಿದಿರಬೇಕು.

ತರಗತಿ ಮುಗಿದ ಮೇಲೆ ಹಲವು ದೋಜೊಗಳಲ್ಲಿ ಬಿಳಿ ಬೆಲ್ಟಿನವರೂ ಕಪ್ಪು ಬೆಲ್ಟಿನವರೂ ಸೇರಿ ನೆಲವನ್ನು ಗುಡಿಸಿ ಒರೆಸುತ್ತಾರೆ. ಬಳಿಕ ಜೊತೆಗಾರರು ಎದುರುಬದುರು ನಿಂತು ಕೊನೆಯ ಬಾರಿ ತಲೆಬಾಗುತ್ತಾರೆ. ಒಂದು ಗಂಟೆಯ ಕಾಲ ನಂಬಿ ಒಪ್ಪಿಸಿದ್ದ ದೇಹ ಗೀರಿಲ್ಲದೆ, ಸೋಂಕಿಲ್ಲದೆ, ಮನಸ್ಸಿಗೂ ನೋವಿಲ್ಲದೆ ಅದರ ಒಡೆಯನಿಗೆ ಮರಳಿದೆ ಎಂಬುದಕ್ಕೆ ಆ ಬಾಗುವಿಕೆಯೇ ಸಾಕ್ಷಿ. ಹೊಸಬರು ಮೊದಲ ತಿಂಗಳಲ್ಲಿ ಒಂದು ವರಸೆಯನ್ನೂ ನೆಟ್ಟಗೆ ಕಲಿಯದೆ ಇಷ್ಟನ್ನು ಮಾತ್ರ ಕಲಿತಿದ್ದರೂ ಅವರ ಕರಾಟೆ ಸರಿಯಾಗಿಯೇ ಆರಂಭವಾಗಿದೆ.