ಲೇತಿನ ಪುಡಿಯಿಂದ ಫೆರೋಫ್ಲೂಯಿಡ್ ಆಗುತ್ತದೆಯೇ?

ಪಂಪು, ಮೋಟಾರು, ವೆಟ್ ಗ್ರೈಂಡರುಗಳ ಊರಾದ ಕೊಯಮತ್ತೂರಿನಲ್ಲಿ ಕಬ್ಬಿಣದ ಪುಡಿಗೆ ಬರವಿಲ್ಲ. ಪೀಳಮೇಡು, ಗಣಪತಿ ಕಡೆಯ ವರ್ಕ್‌ಶಾಪಿನಲ್ಲಿ ಕೇಳಿದರೆ ಪೊಟ್ಟಣ ತುಂಬ ಸಿಗುತ್ತದೆ. ವಿಜ್ಞಾನ ಮೇಳಕ್ಕೆ ‘ಅಯಸ್ಕಾಂತ ತೋರಿಸಿದರೆ ಮುಳ್ಳೇಳುವ ದ್ರವ’, ಅಂದರೆ ಫೆರೋಫ್ಲೂಯಿಡ್, ಮಾಡಹೊರಟ ಮಕ್ಕಳು ಮೊದಲು ನೆನೆಯುವುದೂ ಅದನ್ನೇ.

ನಂಬಿಕೆ: ಪುಡಿಗೆ ಎಣ್ಣೆ ಕಲಸಿದರೆ ಫೆರೋಫ್ಲೂಯಿಡ್ ಸಿದ್ಧ.

ಸತ್ಯ: ಸಿದ್ಧವಾಗುವುದು ಎಣ್ಣೆಯ ಕೆಸರು. ಫೆರೋಫ್ಲೂಯಿಡಿನಲ್ಲಿರುವ ಮ್ಯಾಗ್ನೆಟೈಟ್ (ಕಬ್ಬಿಣದ ಆಕ್ಸೈಡ್) ಕಣದ ಗಾತ್ರ ಸುಮಾರು 10 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಅಂಥ ಲಕ್ಷ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಅಷ್ಟು ಸಣ್ಣ ಕಣವನ್ನು ದ್ರವದ ಅಣುಗಳ ತಳ್ಳಾಟವೇ ತಳಕ್ಕಿಳಿಯಲು ಬಿಡುವುದಿಲ್ಲ. ಒಲೇಯಿಕ್ ಆಮ್ಲದಂಥ ಲೇಪ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಲೇತಿನ ಪುಡಿ ಎಷ್ಟು ನುಣುಪಾಗಿ ಕಂಡರೂ ಇದಕ್ಕಿಂತ ಸಾವಿರಾರು ಪಟ್ಟು ದಪ್ಪ. ರಾತ್ರಿ ಕಲಸಿಟ್ಟರೆ ಬೆಳಗ್ಗೆ ಪುಡಿ ತಳದಲ್ಲಿ, ತಿಳಿ ಎಣ್ಣೆ ಮೇಲೆ. ಸಾಣೆ ಹಿಡಿದಾಗ ಉದುರಿದ ಪುಡಿಯಾದರೆ ಸಾಣೆಕಲ್ಲಿನ ಚೂರೂ ಬೆರೆತಿರುತ್ತದೆ. ಅದು ಅಯಸ್ಕಾಂತಕ್ಕೆ ಜಗ್ಗುವುದಿಲ್ಲ.

1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಫೆರೋಫ್ಲೂಯಿಡ್ ತಯಾರಿಸಿದ್ದೂ ಪಂಪಿಗಾಗಿಯೇ: ತೂಕವಿಲ್ಲದ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಪಂಪಿನ ಬಾಯಿಗೆ ಎಳೆಯುವುದು ಅವರ ಯೋಚನೆ. ಅದಕ್ಕಾಗಿ ಮ್ಯಾಗ್ನೆಟೈಟನ್ನು ಬಾಲ್ ಮಿಲ್ಲಿನಲ್ಲಿ ದಿನಗಟ್ಟಲೆ ಅರೆಯಬೇಕಾಯಿತು. ಇಡ್ಲಿ ಹಿಟ್ಟಿನ ಗ್ರೈಂಡರಿಗೆ ಒಗ್ಗುವ ಕೆಲಸವಲ್ಲ.

ನಂಬಿಕೆ: ಹಾಗಾದರೆ ಯಾವುದಾದರೂ ಪ್ರಿಂಟರ್ ಟೋನರ್ ಸಾಕು.

ಸತ್ಯ: ಕೆಲವು ಕಪ್ಪು ಟೋನರುಗಳಲ್ಲಿ ಮಾತ್ರ ಮ್ಯಾಗ್ನೆಟೈಟ್ ಇರುತ್ತದೆ, ಬಣ್ಣದ ಟೋನರಿನಿಂದ ಪ್ರಯೋಜನವಿಲ್ಲ. ಚಿಟಿಕೆ ಪುಡಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಹೊರಗಿನಿಂದ ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಎಳೆದರೆ ಅಡುಗೆ ಎಣ್ಣೆಯಲ್ಲಿ ಕಲಸಿ ನೋಡಬಹುದು. ಮೊಂಡು ಮುಳ್ಳುಗಳು ಏಳುತ್ತವೆ. ಆದರೂ ಟೋನರ್ ಕಣ ಮೈಕ್ರೋಮೀಟರ್ ಗಾತ್ರದ್ದು, ಇದೂ ಅಸಲಿಯಲ್ಲ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಬೇಕೇಬೇಕು.

ನಂಬಿಕೆ: ದ್ರವವೇ ಅಯಸ್ಕಾಂತವಾಗಿರುತ್ತದೆ.

ಸತ್ಯ: ಅಯಸ್ಕಾಂತ ದೂರ ಸರಿಸಿದೊಡನೆ ಕಣಗಳು ದಿಕ್ಕಾಪಾಲಾಗಿ, ದ್ರವ ಮತ್ತೆ ಸಮತಟ್ಟಾಗುತ್ತದೆ. ಕಾಂತಬಲ ಮೇಲೆಳೆಯುತ್ತದೆ; ಮೇಲ್ಮೈ ಸೆಳೆತ ಮತ್ತು ಗುರುತ್ವ ಕೆಳಗೆ ಜಗ್ಗುತ್ತವೆ. ಈ ಹಗ್ಗಜಗ್ಗಾಟದ ಫಲವೇ ಮುಳ್ಳು.

ನಂಬಿಕೆ: ಬೇಕಾದ ಸಾಮಾನೆಲ್ಲ ಅಂಗಡಿಯಲ್ಲಿದೆ, ಅಸಲಿಯನ್ನೂ ಮನೆಯಲ್ಲೇ ಮಾಡಬಹುದು.

ಸತ್ಯ: ಅನ್ನಭೇದಿ (ಫೆರಸ್ ಸಲ್ಫೇಟ್) ಗೊಬ್ಬರದಂಗಡಿಯಲ್ಲಿ, ಫೆರಿಕ್ ಕ್ಲೋರೈಡ್ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವುದು ನಿಜ. ಇವಕ್ಕೆ ಅಮೋನಿಯ ಸೇರಿದರೆ ಮ್ಯಾಗ್ನೆಟೈಟ್ ಕಣಗಳು ಹುಟ್ಟುವುದೂ ನಿಜ. ಆದರೆ ಫೆರಿಕ್ ಕ್ಲೋರೈಡ್ ಚರ್ಮ ಸುಡುತ್ತದೆ, ಅಮೋನಿಯದ ಹೊಗೆ ಕಣ್ಣು, ಗಂಟಲಿಗೆ ಕೆಟ್ಟದ್ದು. ಅಳತೆ ತಪ್ಪಿದರೆ ಕೈಗೆ ಬರುವುದು ಬರೀ ಕಂದು ರಾಡಿ. ಇದು ಮೇಷ್ಟ್ರು ಜೊತೆಗಿರುವ ಕಾಲೇಜು ಲ್ಯಾಬಿನ ಕೆಲಸ.

ಲೇತಿನ ಪುಡಿಯನ್ನೂ ಎಸೆಯಬೇಕಿಲ್ಲ. ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಅಯಸ್ಕಾಂತ ಹಿಡಿದರೆ ಅದು ಬಿಗಿಯುತ್ತದೆ, ತೆಗೆದರೆ ಸಡಿಲಾಗುತ್ತದೆ. ಇದೇ ತತ್ವದ ಎಂಆರ್ (ಮ್ಯಾಗ್ನೆಟೋರಿಯಾಲಜಿಕಲ್) ದ್ರವ ಕೆಲವು ಕಾರುಗಳ ಶಾಕ್ ಅಬ್ಸಾರ್ಬರಿನಲ್ಲಿದೆ. ಮೇಳದ ಮೇಜಿನ ಮೇಲೆ ಆ ಹೆಸರಿನ ಚೀಟಿ ಅಂಟಿಸಿದರೆ, ತೀರ್ಪುಗಾರರು ಕೇಳುವ ಪ್ರಶ್ನೆಗೆ ಉತ್ತರವೂ ಇರುತ್ತದೆ.