ಸಂಧಿವಾತವೂ ತಾಯ್ತನವೂ

ಸಂಧಿವಾತವೆಂದೊಡನೆ ನಮಗೆ ನೆನಪಾಗುವುದು ಜಗಲಿಯ ಮೇಲೆ ಕುಳಿತು ಮೊಣಕಾಲಿಗೆ ಎಣ್ಣೆ ನೀವಿಕೊಳ್ಳುವ ಮುದಿಜೀವ. ಅದು ಬಹುಮಟ್ಟಿಗೆ ಸವೆತದ ನೋವು. ಈಗ ನಾನು ಹೇಳಹೊರಟಿರುವುದು ವೈದ್ಯರು ರುಮಟಾಯ್ಡ್ ಸಂಧಿವಾತವೆಂದು ಕರೆಯುವ ಬೇರೊಂದು ರೋಗವನ್ನು ಕುರಿತು. ಮೈಯನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಇದರಲ್ಲಿ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಹಲವರಿಗೆ ಹೆರುವ ವಯಸ್ಸಿನಲ್ಲಿಯೇ ತೊಡಗುತ್ತದೆ.

ಈ ರೋಗಕ್ಕೂ ಬಸಿರಿಗೂ ಒಂದು ವಿಚಿತ್ರವಾದ ನಂಟುಂಟು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ ಅವರು, ಗರ್ಭಿಣಿಯರಾದ ರೋಗಿಗಳಲ್ಲಿ ಕೀಲುಗಳ ಬಾವು ತಾನಾಗಿ ಇಳಿಯುವುದನ್ನು ಕಂಡು 1938ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಕಾಮಾಲೆ ಬಂದವರಲ್ಲಿಯೂ ಹೀಗಾಗುವುದನ್ನು ಅವರು ಮೊದಲೇ ಗಮನಿಸಿದ್ದರು. ಹಾಗಾದರೆ ದೇಹವೇ ಯಾವುದೋ ಮದ್ದನ್ನು ಒಳಗೊಳಗೇ ಅರೆಯುತ್ತಿರಬೇಕೆಂಬ ಆ ಊಹೆ, ರಸಾಯನವಿಜ್ಞಾನಿ ಕೆಂಡಾಲರ ಶೋಧದೊಡನೆ ಕೂಡಿ, 1948ರಲ್ಲಿ ಕಾರ್ಟಿಸೋನಿನ ಮೊದಲ ಚುಚ್ಚುಮದ್ದಾಯಿತು. 1950ರಲ್ಲಿ ನೊಬೆಲ್ ಬಹುಮಾನವನ್ನೂ ತಂದಿತು.

ಈ ಕಥೆಯ ಅರ್ಧವನ್ನಷ್ಟೇ ನಂಬಿ ಮೋಸಹೋಗಬಾರದು. ಬಸಿರಿನ ಬಿಡುವು ಎಲ್ಲರಿಗೂ ದೊರೆಯುವುದಿಲ್ಲ. ದೊರೆತವರಲ್ಲಿಯೂ ಹೆರಿಗೆಯಾದ ಕೆಲವು ತಿಂಗಳುಗಳಲ್ಲಿ ರೋಗ ಮರಳುವುದು ಸಾಮಾನ್ಯ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ತವರಿನ ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಡುವ ಹೊತ್ತಿಗೆ. ಬೆಳಗಿನ ಜಾವ ಮಗು ಅತ್ತರೆ ಎತ್ತಿಕೊಳ್ಳಲು ಬೆರಳು ಮಡಿಸಲಾಗದು. ಸುತ್ತಲಿನವರು ಅದನ್ನು ಬಾಣಂತಿವಾಯುವೆಂದು ಕಷಾಯ ಕುಡಿಸಿ ಸುಮ್ಮನಾದರೆ, ಅಷ್ಟರೊಳಗೆ ಕೀಲಿಗೆ ಸರಿಪಡಿಸಲಾಗದ ಹಾನಿ ಆಗಿಬಿಟ್ಟಿರಬಹುದು.

ಇನ್ನು ಔಷಧಿಯ ಮಾತು. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಈ ರೋಗಕ್ಕೆ ಮುಖ್ಯ ಮದ್ದು, ಭ್ರೂಣಕ್ಕಾದರೋ ವಿಷ. ಗರ್ಭ ನಿಲ್ಲುವುದಕ್ಕೆ ಒಂದರಿಂದ ಮೂರು ತಿಂಗಳು ಮೊದಲೇ ಅದನ್ನು ಬಿಡಬೇಕು. ಲೆಫ್ಲುನೊಮೈಡ್ ಮೈಯಲ್ಲಿ ಬಹುಕಾಲ ಉಳಿಯುವಂಥದು. ಅದನ್ನು ಹೊರಹಾಕಲು ಬೇರೆ ಚಿಕಿತ್ಸೆಯೇ ಬೇಕು. ಹಾಗೆಂದು ಹೆದರಿ ಎಲ್ಲವನ್ನೂ ಬಿಸುಡುವುದು ಇನ್ನೊಂದು ಅನಾಹುತ. ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೀನ್‌ಗಳನ್ನು ವೈದ್ಯರ ಸಲಹೆಯಂತೆ ಬಸಿರಿನಲ್ಲಿಯೂ ಮೊಲೆಯೂಡಿಸುವಾಗಲೂ ಮುಂದುವರಿಸಬಹುದು. ಕೆರಳಿದ ರೋಗವೂ ಮಗುವಿಗೆ ಹಿತವಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗುವ, ಕೂಸಿನ ತೂಕ ಕುಗ್ಗುವ ಸಂಭವ ಹೆಚ್ಚುತ್ತದೆ.

ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆಡಹಬಾರದೆಂಬ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ನೆರೆಯವರ ದೃಷ್ಟಿಗೆ ಅಂಜುವುದು ಇರಲಿ. ವೈದ್ಯರಿಂದಲೂ ಮುಚ್ಚಿಟ್ಟರೆ ಗತಿಯೇನು? ಕೂಸಿನ ಹೃದಯ, ಕೈಕಾಲುಗಳು ರೂಪುಗೊಳ್ಳುವುದು ಆ ವಾರಗಳಲ್ಲಿಯೇ. ಆದಕಾರಣ ಈ ರೋಗವುಳ್ಳವರ ಮಾತುಕತೆ ಗರ್ಭಕ್ಕೆ ಮುಂಚೆಯೇ ನಡೆಯಬೇಕು. ವರುಷದೊಳಗೆ ತೊಟ್ಟಿಲು ಕಟ್ಟಲು ಆತುರಪಡುವ ಅತ್ತೆಯವರಿಗೂ ವೈದ್ಯರ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಇದೇ ಕುಲಕ್ಕೆ ಸೇರಿದ ಲೂಪಸ್ ರೋಗದಲ್ಲಂತೂ ಎಚ್ಚರ ಇಮ್ಮಡಿಯಾಗಬೇಕು. ಆರು ತಿಂಗಳಾದರೂ ರೋಗ ಶಾಂತವಾಗಿದ್ದ ಮೇಲೆ ಗರ್ಭ ಧರಿಸುವುದು ಲೇಸು. ಅಲ್ಲಿಯವರೆಗೆ ಗರ್ಭನಿರೋಧಕ್ಕೆ ವಂಕಿ ಸಾಮಾನ್ಯವಾಗಿ ಒಗ್ಗುತ್ತದೆ. ಈಸ್ಟ್ರೋಜನ್ ಇರುವ ಗುಳಿಗೆಯನ್ನು ಮಾತ್ರ ಕೇಳದೆ ನುಂಗಬಾರದು: ಲೂಪಸ್ ಇರುವ ಕೆಲವರ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರತಿಕಾಯಗಳಿರುತ್ತವೆ, ಅಂಥವರಿಗೆ ಆ ಗುಳಿಗೆ ಅಪಾಯಕಾರಿ. ಅವು ಇವೆಯೋ ಇಲ್ಲವೋ ಎಂಬುದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ.