ಕಳೆಯೆಂಬುದು ಕುಲದ ಹೆಸರಲ್ಲ

ವರಕವಿ ಬೇಂದ್ರೆಯವರು ವಿದ್ಯಾರ್ಥಿಯಾಗಿದ್ದ ಪುಣೆಯ ಫರ್ಗ್ಯುಸನ್ ಕಾಲೇಜಿನ ಬೆನ್ನಿಗಿರುವ ಗುಡ್ಡವನ್ನು ಮಳೆಗಾಲ ಕಳೆದ ಆಶ್ವಯುಜದ ಪ್ರಾತಃಕಾಲದಲ್ಲಿ ಏರುವವರಿಗೆ, ಕಾಲುದಾರಿಯ ಮಗ್ಗುಲಲ್ಲಿ ಎದೆಮಟ್ಟ ಬೆಳೆದು, ಸೆರಗು ಸೋಕಿದ ಮಾತ್ರಕ್ಕೆ ತೀಕ್ಷ್ಣಗಂಧವನ್ನು ಸೂಸುವ, ತಿಳಿನೇರಳೆ ಹೂವಿನ ಗಿಡವೊಂದು ಎದುರಾಗುವುದುಂಟು. ಬಣ್ಣಕ್ಕೂ ಪರಿಮಳಕ್ಕೂ ಮರುಳಾದ ದಾರಿಹೋಕನು ಅದನ್ನು ಲ್ಯಾವೆಂಡರ್ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಅಮೆರಿಕದ ಉಷ್ಣವಲಯದಿಂದ ಬಂದು, ದನಕರುಗಳೂ ಬಾಯಿಡದ ತನ್ನ ವಾಸನೆಯ ಬಲದಿಂದ ನಮ್ಮ ಗೋಮಾಳಗಳನ್ನು ಆಕ್ರಮಿಸಿರುವ ವಿಲಾಯತಿ ತುಳಸಿ.

ವಿನೋದವೆಂದರೆ, ಅಪ್ಪಟ ಲ್ಯಾವೆಂಡರ್ ಕುಲದ ಗಿಡವೂ ದಖ್ಖನಿನ ಕಲ್ಲುಗುಡ್ಡಗಳಲ್ಲಿ ಅನಾದಿಯಿಂದ ನೆಲೆಸಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಲವಾಂಡುಲಾ ಬೈಪಿನ್ನೇಟಾ ಎನ್ನುತ್ತಾರೆ. ಸಹ್ಯಾದ್ರಿಯಲ್ಲಿರುವ ಅದರ ಸೋದರಿ ಲವಾಂಡುಲಾ ಗಿಬ್ಸೋನಿಯೈಗೆ, ಪುಣೆಯ ದಾಪೋಡಿಯ ಸಸ್ಯೋದ್ಯಾನವನ್ನು ನೋಡಿಕೊಂಡು, 1847ರಲ್ಲಿ ಮುಂಬಯಿ ಪ್ರಾಂತದ ಪ್ರಥಮ ಅರಣ್ಯಾಧಿಕಾರಿಯಾದ ಅಲೆಕ್ಸಾಂಡರ್ ಗಿಬ್ಸನ್ನನ ಹೆಸರಿದೆ.

ವಿಲಾಯತಿ ತುಳಸಿಯೂ ಲ್ಯಾವೆಂಡರೂ ತುಳಸಿಯ ವಂಶದವೇ ಆಗಿ, ಎರಡರ ಕಾಂಡವೂ ಚೌಕನಾಗಿರುವುದರಿಂದ, ಭೇದವನ್ನು ಎಲೆಯಲ್ಲಿ ಅರಸಬೇಕು. ವಿಲಾಯತಿ ತುಳಸಿಯ ಎಲೆ ಅಗಲವಾಗಿ, ಅಂಚು ಗರಗಸದಂತಿದ್ದು, ಹೂಗಳು ಎಲೆಯ ಕಂಕುಳಲ್ಲಿ ಗುಂಪುಗೂಡುತ್ತವೆ. ನಮ್ಮ ಲ್ಯಾವೆಂಡರಿನ ಎಲೆ ಗಜ್ಜರಿಯ ಸೊಪ್ಪಿನಂತೆ ಸೀಳುಸೀಳಾಗಿ, ಹೂಗಳು ಉದ್ದನೆಯ ಬರಿದಂಟಿನ ತುದಿಯಲ್ಲಿ ತೆನೆಗಟ್ಟುತ್ತವೆ. ಮನೆಗೆ ಮರಳಿದಾಗ ಪಂಚೆಯಂಚಿಗೆ ಅಂಟಿದ ವಿಲಾಯತಿ ತುಳಸಿಯ ಮುಳ್ಳುಬಟ್ಟಲೊಳಗಿನ ಕರಿಯ ಬೀಜವನ್ನು ನೀರಿಗೆ ಹಾಕಿ ನೋಡಿದರೆ, ಕಾಮಕಸ್ತೂರಿಯ ಬೀಜದಂತೆ ಬೆಳ್ಳಗೆ ಲೋಳೆಗಟ್ಟುವುದು. ವಿಲಾಯತಿ ತುಳಸಿ ಊರೂರು ಸುತ್ತಿದ ರಹಸ್ಯ ಆ ಮುಳ್ಳಿನಲ್ಲಿಯೇ ಇದೆ.

ಹಾಗೆಂದು ಲ್ಯಾವೆಂಡರಿನ ಕುಲವೆಲ್ಲವೂ ನಿರ್ದೋಷಿಯಲ್ಲ: ಮೆಡಿಟರೇನಿಯನ್ ತೀರದ ಲವಾಂಡುಲಾ ಸ್ಟೋಕಸ್ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1920ರಿಂದಲೂ ಉಪದ್ರವಕಾರಿ ಕಳೆಯೆಂದು ಘೋಷಿತವಾಗಿದೆ. ತವರಿನಲ್ಲಿ ಸಾಧುವಾದುದೇ ಪರಸ್ಥಳದಲ್ಲಿ ಪೀಡೆಯಾಗಬಹುದು. ಆದುದರಿಂದ ಗುಡ್ಡವನ್ನು ಪ್ರೀತಿಸುವವರು ವಿಲಾಯತಿ ತುಳಸಿಯನ್ನು ಬೀಜ ಬಲಿಯುವ ಮೊದಲೇ ಅವಶ್ಯವಾಗಿ ಕೀಳಲಿ. ಕೈಯಿಕ್ಕುವ ಮುನ್ನ ಎಲೆಯನ್ನೊಮ್ಮೆ ನೋಡಲಿ. ಕಿತ್ತ ಮೇಲೆ ಹೆಸರು ಕೇಳಿ ಫಲವಿಲ್ಲ.